ಅಡಿಕೆ ಮಷೀನ್ ಎಳೆಯುವ ಪಿಕಪ್‌ಗೆ ನಾನು ಮಾಡಿಸಿದ ಕಮಾನು ಕೆಲಸ

ಅಡಿಕೆ ಕೊನೆ ಕೊಯ್ಲು ಶುರುವಾದರೆ ನನ್ನ ಬೊಲೆರೊ ಪಿಕಪ್‌ಗೆ ಬಿಡುವಿಲ್ಲ. ಹಸಿ ಅಡಿಕೆ ಸುಲಿಯುವ ಮಷೀನು, ಅದರ ಡೀಸೆಲ್ ಎಂಜಿನ್ ಎರಡೂ ಒಂದು ಟ್ರೈಲರ್ ಮೇಲೆ. ಅದನ್ನು ಎಳೆದುಕೊಂಡು ತೀರ್ಥಹಳ್ಳಿ ಸುತ್ತಮುತ್ತ ಮನೆಯಿಂದ ಮನೆಗೆ ಹೋಗುವುದು ನನ್ನ ಕೆಲಸ.

ಎರಡು ತೊಂದರೆ ಇತ್ತು. ಬಾಡಿಯಲ್ಲಿ ನಾಲ್ಕು ಮೂಟೆ ಜಾಸ್ತಿ ಬಿದ್ದರೆ ಗಾಡಿ ಹಿಂದೆ ಕುಕ್ಕರಿಸುತ್ತಿತ್ತು, ಹೆಡ್‌ಲೈಟ್ ಮೇಲಕ್ಕೆ ಎದ್ದು ರಾತ್ರಿ ಎದುರಿಗೆ ಬರುವವರೆಲ್ಲ ಲೈಟ್ ಹೊಡೆದು ಬೈಯುತ್ತಿದ್ದರು. ಇನ್ನೊಂದು ಇಳಿಜಾರಿನಲ್ಲಿ. ಮಂಡಗದ್ದೆ ಕಡೆ ಒಂದು ಸಲ 50ರ ಸ್ಪೀಡಲ್ಲಿ ಬರುವಾಗ ಟ್ರೈಲರ್ ಎಡಕ್ಕೆ ಬಲಕ್ಕೆ ಬಾಲ ಬೀಸಲು ಶುರು ಮಾಡಿತು, ನಾನು ಗಾಬರಿಯಲ್ಲಿ ಬ್ರೇಕ್ ಒತ್ತಿದೆ, ಅದು ಇನ್ನೂ ಜಾಸ್ತಿ ಆಯ್ತು. ಹೇಗೋ ನಿಂತಿತು. ಪಕ್ಕದಲ್ಲೇ ತುಂಗೆ ಹರಿಯುತ್ತಿದ್ದಳು, ನಾನು ಆ ಕಡೆ ನೋಡಲೇ ಇಲ್ಲ.

ಎರಡಕ್ಕೂ ಕಮಾನೇ (ಅಚ್ಚಿನ ಮೇಲೆ ಭಾರ ಹೊರುವ, ಉಕ್ಕಿನ ಪ್ಲೇಟ್ ಜೋಡಿಸಿದ ಸ್ಪ್ರಿಂಗ್) ಕಾರಣ ಅಂದುಕೊಂಡು ಶಿವಮೊಗ್ಗಕ್ಕೆ ಹೋಗಿ ಹಿಂದಿನ ಕಮಾನಿಗೆ ಎರಡೆರಡು ಪ್ಲೇಟ್ ಹಾಕಿಸಿದೆ. ದುಡ್ಡು ಕೊಟ್ಟು ತಪ್ಪು ಮಾಡಿದ್ದು ಅಂದ್ರೆ ಇದೇ. ಖಾಲಿ ಗಾಡಿ ಮೇಕೆ ಮರಿ ಥರ ಕುಣಿಯುತ್ತಿತ್ತು, ಒದ್ದೆ ರಸ್ತೆಯ ಗುಂಡಿಯಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಜಾರುತ್ತಿತ್ತು. ಟ್ರೈಲರ್ ಬಾಲ ಮಾತ್ರ ಹಾಗೇ ಬೀಸುತ್ತಿತ್ತು.

ಎರಡನೇ ಸಲ ಹೋದಾಗ ಅಲ್ಲಿದ್ದ ವಯಸ್ಸಾದ ಮೇಸ್ತ್ರಿ ನಕ್ಕರು. "ಪ್ಲೇಟ್ ಹಾಕಿದ್ರೆ ಗಾಡಿ ಕೂರಲ್ಲ ಅಷ್ಟೇ ಅಣ್ಣಾ. ಬಾಲ ಅಲ್ಲಾಡೋದು ಬೇರೆ ಕಾಯಿಲೆ. ಟ್ರೈಲರ್ ಮೂತಿ, ಗಾಡಿಗೆ ಸಿಕ್ಕಿಸೋ ತುದಿ, ಎಷ್ಟು ತೂಗುತ್ತೆ ನೋಡಿದೀರಾ?"

ನೋಡಿರಲಿಲ್ಲ. ಮನೆಗೆ ಬಂದು ಅಡಿಕೆ ಮೂಟೆ ತೂಗುವ ಕಾಟಾ ಎಳೆದು, ಅದರ ಮೇಲೆ ಮರದ ದಿಮ್ಮಿ ಇಟ್ಟು, ಗಾಡಿಗೆ ಸಿಕ್ಕಿಸುವ ಎತ್ತರಕ್ಕೇ ಟ್ರೈಲರ್ ಮೂತಿ ಕೂರಿಸಿದೆ. ದಿಮ್ಮಿ ತೂಕ ಕಳೆದರೆ 30 ಕೆಜಿ! ಟ್ರೈಲರ್ ಪೂರ್ತಿ 700 ಕೆಜಿ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂತಿ ಮೇಲಿರಬೇಕು, ಅಂದರೆ ನನಗೆ 70ರಿಂದ 105. ಭಾರ ಹಿಂದೆ ಜಾಸ್ತಿಯಾದರೆ ಟ್ರೈಲರ್ ಗಾಡಿಯ ಹಿಂಬದಿಯನ್ನು ಮೇಲಕ್ಕೆ ಎತ್ತುತ್ತದೆ, ಒಂದು ಸಣ್ಣ ಅಲುಗಾಟ ಸಿಕ್ಕರೂ ಬೀಸಲು ಶುರು.

ಎಂಜಿನ್ ಸುಮಾರು 150 ಕೆಜಿ, ಅದು ಅಚ್ಚಿನ ಹಿಂದೆ ಕೂತಿತ್ತು. ಬೋಲ್ಟ್ ಬಿಚ್ಚಿ ಎರಡಡಿ ಮುಂದೆ ತಂದೆ, ಬೆಲ್ಟಿಗೆ ತಕ್ಕಂತೆ ಮಷೀನಿನ ಪುಲ್ಲಿಯನ್ನೂ ಸರಿಸಬೇಕಾಯ್ತು, ಅದಕ್ಕೇ ಒಂದು ದಿನ ಹೋಯಿತು. ಆಮೇಲೆ ಕಾಟಾ 73 ತೋರಿಸಿತು. ಅಚ್ಚಿನಿಂದ ಮೂತಿಗೆ ಏಳಡಿ ಇರುವುದರಿಂದ ಲೆಕ್ಕವೂ ಸರಿಹೋಯ್ತು. ಅವತ್ತಿನಿಂದ ಬಾಲ ಬೀಸಿಲ್ಲ.

ಆಮೇಲೆ ಕಮಾನನ್ನು ಸರಿಯಾಗಿ ಮಾಡಿಸಿದೆ. ಹಾಕಿದ್ದ ಎರಡರಲ್ಲಿ ಒಂದು ಪ್ಲೇಟ್ ತೆಗೆಸಿದೆ. ಕಮಾನನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟ್ ಹಳೆಯದನ್ನೇ ಹಾಕುತ್ತೇನೆ ಅಂದರೆ ಒಪ್ಪಬೇಡಿ, ಒಮ್ಮೆ ಬಿಗಿದು ಬಿಚ್ಚಿದ್ದು ಎಳೆದುಹೋಗಿರುತ್ತದೆ, ಪ್ಲೇಟ್ ಜಾಸ್ತಿಯಾದಾಗ ಉದ್ದವೂ ಸಾಲದು. ನಡುವಿನ ಸೆಂಟರ್ ಬೋಲ್ಟ್, ಬುಷ್ ಎಲ್ಲ ಹೊಸದು. ಒಂದು ವಾರ ಓಡಿಸಿ ಮತ್ತೆ ಬಿಗಿ ಮಾಡಿಸಿದೆ, ಅರ್ಧ ಸುತ್ತು ತಿರುಗಿತು! ಪ್ಲೇಟ್ ಸೇರಿದ ಮಾತ್ರಕ್ಕೆ ಪಾಸಿಂಗ್ ತೂಕ ಜಾಸ್ತಿ ಆಗಲ್ಲ, ಅಚ್ಚು ಅದೇ, ಬ್ರೇಕ್ ಅದೇ. ಆರ್‌ಸಿಯಲ್ಲಿರುವ ತೂಕಕ್ಕಿಂತ ಮೇಲೆ ಹೋಗುವ ಹಾಗಿಲ್ಲ.

ಟ್ರೈಲರ್ ಸಿಕ್ಕಿಸಲು ಗಾಡಿ ಹಿಂದೆ ಇರುವ ಕೊಂಡಿಯ, ಅಂದರೆ ಹಿಚ್‌ನ ಕಥೆ ನೆನೆಸಿದರೆ ಈಗಲೂ ಮೈ ಜುಂ ಅನ್ನುತ್ತದೆ. ಊರ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಬಂಪರಿಗೇ ಬೆಸುಗೆ ಹಾಕಿಸಿದ್ದೆ. ಗಾಡಿ ತೊಳೆಯುವಾಗ ಬೆಸುಗೆ ಅಂಚಿನಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡಿತು, ಬಟ್ಟೆಯಲ್ಲಿ ಒರೆಸಿದರೂ ಹೋಗಲಿಲ್ಲ, ಉಗುರು ಹಾಕಿದರೆ ಸಿಕ್ಕಿಕೊಂಡಿತು. ಬಿರುಕು. ಅದೇ ದಿನ ಕಿತ್ತು ಬಿಸಾಡಿದೆ. ಈಗ ಚಾಸಿಯ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಎರಡೂ ಕಡೆಗೆ ಅಡ್ಡ ಸಿ ಆಕಾರದ ಉಕ್ಕಿನ ಚಾನಲ್, 10.9 ಗ್ರೇಡಿನ ಗಟ್ಟಿ ಬೋಲ್ಟ್, ಒಳಗೆ ಹೊರಗೆ ಪ್ಲೇಟ್ ಕೊಟ್ಟು ಬಿಗಿದಿದ್ದೇವೆ, ಮೊದಲೇ ಇದ್ದ ತೂತಿಗೇ. ಚಾಸಿಗೆ ಬೆಸುಗೆ ಇಲ್ಲ. ಟ್ರ್ಯಾಕ್ಟರ್ ಥರದ ಪಿನ್ ಬದಲು ಮೂತಿ ಕೂರುವ 50 ಎಂಎಂ ಉಕ್ಕಿನ ಗುಂಡು (ಬಾಲ್) ಹಾಕಿಸಿದ್ದರಿಂದ ಗುಂಡಿಗೊಮ್ಮೆ ಬರುತ್ತಿದ್ದ ಕಟಕಟ ನಿಂತಿತು. ಕೆಳಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡಲಾಗಿ, ಬಾಲ್ ಕಳಚಿದರೂ ಮೂತಿ ನೆಲಕ್ಕೆ ಬೀಳದ ಹಾಗೆ.

ಟ್ರೈಲರಿಗೂ ರಿಜಿಸ್ಟ್ರೇಷನ್ ಬೇಕು. ಗಾಡಿಯಲ್ಲಿ ಏನು ಬದಲಾಯಿಸುವುದಿದ್ದರೂ ಮೊದಲು ಆರ್‌ಟಿಒದಲ್ಲಿ ಕೇಳಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೇ ಇದೆ. ನಾನು ಮಾಡಿಸಿದ ಮೇಲೆ ಹೋಗಿ ಬೈಸಿಕೊಂಡೆ.

ಟ್ರೈಲರಿಗೆ ಬ್ರೇಕ್ ಇಲ್ಲ, ಹಾಗಾಗಿ ಇಳಿಜಾರು ಬಂದರೆ ಮೇಲಿಂದಲೇ ಸೆಕೆಂಡ್ ಗೇರ್. ಹಿಂದೆ ಬಸ್ಸಿನವರು ಹಾರನ್ ಹೊಡೆಯುತ್ತಲೇ ಇರುತ್ತಾರೆ, ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಹಾಕಿ ಬಿಟ್ಟುಬಿಡುತ್ತೇನೆ. ಟ್ರೈಲರ್ ಚಕ್ರಕ್ಕೆ ಸ್ಟೆಪ್ನಿ ಮಾತ್ರ ಇನ್ನೂ ತಂದಿಲ್ಲ, ಮನೆಯಲ್ಲಿ ದಿನಾ ಕೇಳುತ್ತಾರೆ.