ಪಂಚ್ ಲೆಕ್ಕ ತೋರ್ಸಿ ಜಡ್ಜ್‌ಗೆ ಬೈಯೋಕ್ ಮುಂಚೆ ಹಿಂಗ್ ಮಾಡಿ

ಅಮೆರಿಕಾದಲ್ಲಿ ಶನಿವಾರ ರಾತ್ರಿ ಆಗೋ ಬಾಕ್ಸಿಂಗ್ ಫೈಟು ನಮಗೆ ಕೋಲಾರದಲ್ಲಿ ಭಾನುವಾರ ಬೆಳಿಗ್ಗೆ ತಿಂಡಿ ಟೈಮಿಗೆ ಬರತ್ತೆ, ನಾವ್ ನಾಕ್ ಜನ ಡೂಮ್ ಲೈಟ್ ಸರ್ಕಲ್ ಹತ್ರ ಫ್ರೆಂಡ್ ರೂಮಲ್ಲಿ ಇಡ್ಲಿ ಪಾರ್ಸಲ್ ಇಟ್ಕೊಂಡು ನೋಡ್ತೀವಿ, ಮುಗಿದು ಐದ್ ನಿಮಿಷ ಆಗಿರಲ್ಲ ಯಾವನೋ ಒಬ್ಬ ಗ್ರೂಪಿಗೆ ಪಂಚ್ ಲೆಕ್ಕದ (ಯಾರು ಎಷ್ಟು ಏಟು ಹೊಡೆದ್ರು ಅನ್ನೋದರ) ಸ್ಕ್ರೀನ್‌ಶಾಟ್ ಹಾಕ್ತಾನೆ, "ನೋಡ್ರೋ 218ಕ್ಕೆ 169, ಜಡ್ಜ್ ದುಡ್ ತಿಂದವ್ನೆ" ಅಂತ. 2017ರ ಕನೆಲೊ–ಗೊಲೊವ್ಕಿನ್ ಫೈಟಲ್ಲಿ ಶುರುವಾದ ಜಗಳ ಇದು, 218 ಹೊಡೆದ ಗೊಲೊವ್ಕಿನ್ ಗೆಲ್ಲಲಿಲ್ಲ, ಡ್ರಾ ಅಂದ್ರು, ಜಗಳ ಇನ್ನೂ ಮುಗಿದಿಲ್ಲ. ಅದ್ಕೇ ಈ ಲೆಕ್ಕಾನ ಎಷ್ಟು ನಂಬ್ಬೇಕು, ಹೆಂಗೆ ಬಳಸ್ಬೇಕು ಅಂತ ನಾನ್ ಮಾಡೋ ಥರಾನೇ ಬರೀತಿದೀನಿ.

ಮೊದ್ಲು ಈ ನಂಬರ್ ಎಲ್ಲಿಂದ ಬರತ್ತೆ ಅಂತ ಗೊತ್ತಿರ್ಲಿ. ಗ್ಲೌಸ್ ಒಳಗೆ ಸೆನ್ಸರ್ ಇದೆ ಅಂತ ನಮ್ಮ ಗ್ರೂಪಲ್ಲೇ ಇಬ್ರು ನಂಬ್ಕೊಂಡಿದ್ರು. ಇಲ್ಲ ಗುರು. ಟೀವೀಲಿ ತೋರ್ಸೋ ಕಾಂಪ್ಯೂಬಾಕ್ಸ್ ಅನ್ನೋ ಪಂಚ್ ಎಣಿಸೋ ಪದ್ಧತಿ 1985ರಲ್ಲಿ ಶುರುವಾಯ್ತು, ಎಣಿಸೋದು ಮನುಷ್ಯರೇ. ಇಬ್ರು ಕೂತಿರ್ತಾರೆ, ಒಬ್ರು ಒಬ್ಬ ಬಾಕ್ಸರ್‌ನ ಮಾತ್ರ ನೋಡೋದು, ಮೂಲ ಲೆಕ್ಕಕ್ಕೆ ನಾಲ್ಕೇ ಬಟನ್ನು: ಜ್ಯಾಬ್ (ಮುಂದಿನ ಕೈಯಿಂದ ನೇರವಾಗಿ ಹೊಡೆಯೋ ಚುಟುಕು ಏಟು) ಬಿತ್ತು, ಜ್ಯಾಬ್ ಮಿಸ್ಸು, ಪವರ್ ಪಂಚ್ ಬಿತ್ತು, ಪವರ್ ಪಂಚ್ ಮಿಸ್ಸು. ಪವರ್ ಅಂದ್ರೆ ಜೋರು ಅಂತಲ್ಲ, ಜ್ಯಾಬ್ ಅಲ್ಲದ್ದೆಲ್ಲಾ ಪವರ್ರೇ! ಸುಮ್ನೆ ಸವರಿ ಹೋದ ಹುಕ್ಕೂ (ಪಕ್ಕದಿಂದ ಬೀಸೋ ಏಟು) ಅದೇ ಲೆಕ್ಕಕ್ಕೆ, ಮೊಣಕಾಲು ನಡುಗ್ಸಿದ ರೈಟ್ ಹ್ಯಾಂಡೂ ಅದೇ ಲೆಕ್ಕಕ್ಕೆ.

ನಮ್ ಮಾವ ಟೊಮೆಟೊ ಮಂಡೀಲಿ ಬಾಕ್ಸ್ ಎಣಿಸೋ ಕೆಲಸದಲ್ಲಿದಾರೆ, ನಾಕ್ ಗೀಟು ಹಾಕಿ ಐದನೇದು ಅಡ್ಡ ಎಳ್ಯೋದು, 15 ಕೆಜಿ ಬಾಕ್ಸು, ಲೆಕ್ಕ ತಪ್ಪಿದ್ದು ನಾನಂತೂ ನೋಡಿಲ್ಲ. ಆದ್ರೆ ಹರಾಜಲ್ಲಿ ರೇಟ್ ಕೂಗೋನು ಅವರ ಗೀಟು ನೋಡಿ ಕೂಗ್ತಾನಾ? ಬಾಕ್ಸೊಳಗೆ ಕೈ ಹಾಕಿ ಕೆಳಗಿನ ಹಣ್ಣು ಎತ್ತಿ ನೋಡ್ತಾನೆ. ಎಣಿಸೋನ ಕೆಲಸ ಬೇರೆ, ಹಣ್ ನೋಡೋನ ಕೆಲಸ ಬೇರೆ, ಜಡ್ಜ್ ಹಣ್ಣು ನೋಡೋನು.

ಈಗ ನೀವೇ ಒಂದ್ ರೌಂಡ್ ಎಣಿಸಿ, ಇದನ್ನ ಮಾತ್ರ ತಪ್ಪಿಸ್ಬೇಡಿ. ಯಾವ್ದಾದ್ರೂ ಹಳೇ ಫೈಟ್ ಹಾಕಿ, ಸೌಂಡ್ ಆಫ್ ಮಾಡಿ, ಒಬ್ಬನ್ನ ಮಾತ್ರ ನೋಡ್ತಾ ಪೇಪರ್ ಮೇಲೆ ಗೀಟು ಹಾಕಿ. ಅದೇ ರೌಂಡನ್ನ ಮತ್ತೆ ಎಣಿಸಿ. ಆಮೇಲೆ ಯೂಟ್ಯೂಬಲ್ಲಿ ಸ್ಪೀಡ್ ಅರ್ಧ ಮಾಡಿ ಮೂರನೇ ಸಲ. ನನಗೆ ಮೊದಲ ಸಲ 19 ಬಂತು, ಎರಡನೇ ಸಲ 24, ಸ್ಲೋ ಮಾಡಿದಾಗ 16, ಯಾಕಂದ್ರೆ ಬಿತ್ತು ಅಂದ್ಕೊಂಡಿದ್ದ ಎಷ್ಟೋ ಪಂಚು ಮೊಣಕೈ ಮೇಲೋ ಗ್ಲೌಸ್ ಮೇಲೋ ಬಿದ್ದಿತ್ತು, ಸ್ಪೀಡಲ್ಲಿ ಸರಿಯಾಗಿ ಕಾಣ್ದೆ ಗೀಟ್ ಎಳ್ದಿದ್ದೆ. ಮಾವನ್ನ ಕೂರಿಸಿದ್ರೆ 11 ಅಂದ್ರು, "ಉಳಿದಿದ್ದು ಏಟಾ ಅದು?" ಅಂತ ನನ್ನೇ ಕೇಳಿದ್ರು. ಬಟನ್ ಒತ್ತೋರು ನಮಗಿಂತ ನೂರ್ ಪಟ್ಟು ಪ್ರಾಕ್ಟೀಸ್ ಇರೋರು, ಸರಿ, ಆದ್ರೂ ಅವರಿಗೂ ಎರಡೇ ಕಣ್ಣು, ಬಾಕ್ಸರ್ ಬೆನ್ನು ಅಡ್ಡ ಬಂದ್ರೆ ಅವರಿಗೂ ಕಾಣಲ್ಲ. ನಿಮ್ಮ ಮೂರು ಲೆಕ್ಕದ ನಡುವೆ ಎಷ್ಟು ವ್ಯತ್ಯಾಸ ಬಂತೋ ಬರೆದಿಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರತ್ತೆ.

ಲೈವ್ ಫೈಟ್ ನೋಡುವಾಗ ಕ್ರಮ ಇದು: ಪ್ರತಿ ರೌಂಡ್ ಮುಗಿದ ತಕ್ಷಣ, ಟೀವೀಲಿ ನಂಬರ್ ಬರೋಕ್ ಮುಂಚೆ, 10-9 ಬರೆದುಬಿಡಿ, ರೌಂಡ್ ಗೆದ್ದೋನಿಗೆ 10, ಸೋತೋನಿಗೆ 9. ಬಿದ್ದು ಎದ್ದಿದ್ರೆ ಸಾಮಾನ್ಯವಾಗಿ 10-8. ಜಡ್ಜ್ ನೋಡೋದು ನಾಲ್ಕು, ನೀಟಾಗಿ ಬಿದ್ದ ಏಟು, ಫಲ ಕೊಡೋ ಥರ ಮುಂದೆ ನುಗ್ಗೋದು, ರಿಂಗನ್ನ ತನ್ನ ಹಿಡಿತದಲ್ಲಿ ಇಟ್ಕೊಳ್ಳೋದು, ಡಿಫೆನ್ಸು. ಬಟನ್ ಲೆಕ್ಕಕ್ಕೆ ಸಿಗೋದು ಮೊದಲನೇದರಲ್ಲಿ ಅರ್ಧ, ಅಷ್ಟೆ.

ಆಮೇಲೆ ಟೋಟಲ್ ಬಂದಾಗ ವ್ಯತ್ಯಾಸಾನ 12 ರೌಂಡಿಗೆ ಭಾಗ ಮಾಡಿ. 218–169 ಅಂದ್ರೆ 49 ವ್ಯತ್ಯಾಸ, ರೌಂಡಿಗೆ ನಾಕೇ ನಾಕು, ನಿಮ್ಮ ಸ್ವಂತ ಲೆಕ್ಕದ ತಪ್ಪೇ ಅದಕ್ಕಿಂತ ಜಾಸ್ತಿ ಇತ್ತಲ್ವಾ. ಬಿಡಿಸಿ ನೋಡಿದ್ರೆ ಇನ್ನೂ ಮಜಾ, ಗೊಲೊವ್ಕಿನ್ ಜ್ಯಾಬ್ 108, ಕನೆಲೊದು 55, ಪವರ್ ಪಂಚಲ್ಲಿ ಕನೆಲೊನೇ 114–110 ಮುಂದೆ. ಅಂದ್ರೆ ಇಡೀ ಲೀಡು ಜ್ಯಾಬಿಂದ ಬಂದಿದ್ದು. ಹಂಗಂತ ಒಬ್ಬ ಜಡ್ಜು 12 ರೌಂಡ್ ಕೂಡಿಸಿ ಕನೆಲೊಗೆ 118-110 ಕೊಟ್ಟಿದ್ದು ಸರಿ ಅಂತ ನಾನ್ ಹೇಳಲ್ಲ, ನನ್ನ ಸ್ಕೋರ್ ಕಾರ್ಡು ಗೊಲೊವ್ಕಿನ್‌ಗೆ 115-113. ಆ 118-110 ತಪ್ಪು ಅನ್ನೋಕೆ ಬರೀ 218 ತೋರ್ಸಿದ್ರೆ ಸಾಲಲ್ಲ ಅಂತಷ್ಟೇ.

ಅದೇ 1999ರ ಲೂಯಿಸ್–ಹೋಲಿಫೀಲ್ಡ್ ಮೊದಲ ಫೈಟ್ ತಗೊಳ್ಳಿ. ಲೂಯಿಸ್ 348, ಹೋಲಿಫೀಲ್ಡ್ 130. ರೌಂಡಿಗೆ 18 ವ್ಯತ್ಯಾಸ, ಯಾವ ಬೆನ್ ಅಡ್ಡ ಬಂದ್ರೂ ಇಷ್ಟು ತಪ್ಪಾಗಲ್ಲ. ಐದನೇ ರೌಂಡಲ್ಲಿ 43–11, ಅದನ್ನೂ ಒಬ್ಬ ಜಡ್ಜು ಹೋಲಿಫೀಲ್ಡ್‌ಗೇ ಕೊಟ್ರು, ಫೈಟ್ ಡ್ರಾ! ಇಂಥಾ ಕಡೆ ನಂಬರ್ ಹಿಡ್ಕೊಂಡ್ ಬೈಯ್ರಿ, ನಾನೂ ಜೊತೆಗ್ ಬರ್ತೀನಿ. ನಾನಂತೂ ರೌಂಡಿಗೆ ಐದರೊಳಗಿನ ವ್ಯತ್ಯಾಸ ಲೆಕ್ಕಕ್ಕೇ ಇಡಲ್ಲ, ಹತ್ತು ದಾಟಿದ್ರೆ ನನ್ನ ಕಾರ್ಡ್ ಮೇಲೇ ಅನುಮಾನ ಪಡ್ತೀನಿ. ಇದು ನನ್ನ ಅಂದಾಜು, ರೂಲ್ ಬುಕ್ಕಲ್ಲಿಲ್ಲ.

ಪರ್ಸೆಂಟೇಜ್ ಕಾಲಂ ಕಡೆ ನೋಡ್ಲೇಬೇಡಿ. ಹತ್ತು ಎಸೆದು ಐದು ಬಿದ್ರೆ 50, ಅರವತ್ತು ಎಸೆದು ಇಪ್ಪತ್ತು ಬಿದ್ರೆ 33, ರೌಂಡ್ ಯಾರ್ದು ಹೇಳಿ.

"ಹಂಗಾದ್ರೆ ಜಡ್ಜ್‌ಗಳೇ ಬಟನ್ ಒತ್ತಿ ಎಣಿಸ್ಲಿ" ಅಂತ ಯಾರಾದ್ರೂ ಅಂದ್ರೆ, ಅದನ್ನೂ ಮಾಡಿ ನೋಡಿ ಆಗಿದೆ ಅಂತ ಹೇಳಿ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲಲ್ಲಿ ಅಮೆರಿಕಾದ ರಾಯ್ ಜೋನ್ಸ್ 86–32 ಹೊಡೆದೂ ಜಡ್ಜ್ ಓಟು 3-2 ಆಗಿ ಸೋತ, ಆ ಗಲಾಟೆ ಆದ್ಮೇಲೆ 1992ರ ಒಲಿಂಪಿಕ್ಸಿಂದ ಕಂಪ್ಯೂಟರ್ ಸ್ಕೋರಿಂಗ್ ತಂದ್ರು, ಐದು ಜಡ್ಜಲ್ಲಿ ಮೂವರು ಒಂದೇ ಸೆಕೆಂಡ್ ಒಳಗೆ ಒತ್ತಿದ್ರೆ ಮಾತ್ರ ಪಾಯಿಂಟು. ಆಯ್ತಾ, ಪಟಪಟ ಅಂತ ನಾಕು ಬಿದ್ರೆ ಒಂದು ಸಿಕ್ರೆ ಪುಣ್ಯ, ಹೊಟ್ಟೆಗೆ ಬಿದ್ದಿದ್ದು ಎಷ್ಟೋ ಸಲ ಲೆಕ್ಕಕ್ಕೇ ಇಲ್ಲ, ಹುಡುಗರೆಲ್ಲಾ ತಲೆಗೆ ಒಂದ್ ಮುಟ್ಟಿಸಿ ಓಡೋದ್ ಕಲಿತ್ರು. 2012ರ ಲಂಡನ್ನಲ್ಲಿ ನಮ್ಮ ವಿಕಾಸ್ ಕ್ರಿಶನ್ 13-11 ಗೆದ್ದ ಅಂತ ನಾವು ಕುಣಿದು ಮುಗಿಸೋ ಅಷ್ಟರಲ್ಲಿ ಅಪೀಲು ಹೋಗಿ, ಫೌಲ್‌ಗಳಿಗೆ ನಾಕು ಪಾಯಿಂಟ್ ಸೇರ್ಸಿ, 15-13 ಅಂತ ಅಮೆರಿಕಾದ ಎರಾಲ್ ಸ್ಪೆನ್ಸ್ ಕಡೆ ತಿರುಗಿಸಿದ್ರು, ಆ ಹೊಟ್ಟೆ ಉರಿ ಇನ್ನೂ ಇದೆ ಬಿಡಿ. 2013ರಲ್ಲಿ ಆ ಪದ್ಧತಿ ಬಿಟ್ಟು ಅಮೆಚೂರಲ್ಲೂ ಹತ್ತು ಪಾಯಿಂಟ್ ರೌಂಡಿಗೇ ಬಂದ್ರು.

ಕೊನೇ ಕೆಲಸ, ಮಾರನೇ ದಿನ. ರೌಂಡ್‌ವಾರು ಪಂಚ್ ಲೆಕ್ಕ ಹುಡುಕಿ ನಿಮ್ಮ ಕಾರ್ಡ್ ಪಕ್ಕ ಬರೀರಿ, ನೀವು ಕೊಟ್ಟ ರೌಂಡಿಗೂ ಲೆಕ್ಕಕ್ಕೂ ದೊಡ್ಡದಾಗಿ ಎಡವಟ್ಟಾಗಿರೋ ರೌಂಡ್‌ಗಳಿಗೆ ಮಾತ್ರ ಪೆನ್ನಲ್ಲಿ ಸೊನ್ನೆ ಸುತ್ತಿ ಅವನ್ನ ಸೌಂಡಿಲ್ದೆ ಮತ್ತೆ ನೋಡಿ. ಕಳೆದ ಸಲ ನನಗೆ ಹಂಗೆ ಮೂರು ಸೊನ್ನೆ ಬಿತ್ತು. ಎರಡು ತಿದ್ದಿದೆ. ಮೂರನೇದನ್ನ ನಾಕ್ ಸಲ ನೋಡಿದೀನಿ, ಪಂಚ್ ಕಮ್ಮಿನೇ, ಒಪ್ತೀನಿ, ಆದ್ರೆ ಕೆಳಗಿಂದ ಮೇಲಕ್ಕೆ ಬಂದ ಆ ಒಂದು ಅಪ್ಪರ್‌ಕಟ್ ಆದ್ಮೇಲೆ ಇನ್ನೊಬ್ಬ ಹಗ್ಗ ಹಿಡ್ಕೊಂಡೇ ರೌಂಡ್ ಮುಗಿಸಿದ್ದು, ಅದನ್ನ ತಿದ್ದಲ್ಲ.