ಮೂಗಿನ ಸ್ಪ್ರೇ: ನಾನು ಬಳಸುವ ಬಗೆ

ಮೂಗು ಕಟ್ಟಲು ಬೆಂಗಳೂರಿನಲ್ಲಿ ಕಾರಣಗಳಿಗೆ ಬರವಿಲ್ಲ. ವಿಜಯನಗರದ ನಮ್ಮ ಮನೆಯಿಂದ ಪೀಣ್ಯದ ಬಳಿ ನಾನು ಕನ್ನಡ ಪಾಠ ಮಾಡುವ ಶಾಲೆಯವರೆಗೂ ರಸ್ತೆಯ ದೂಳು. ಮಳೆ ಬಿದ್ದರೆ ಸಾಕು, ಖಾಲಿ ನಿವೇಶನಗಳಲ್ಲೆಲ್ಲ ಕಾಂಗ್ರೆಸ್ ಗಿಡ ಎದ್ದು ಬಿಳಿ ಹೂ ಬಿಡುತ್ತದೆ. ಅದರ ಪರಾಗ ಅಲರ್ಜಿಗೆ ಹೆಸರಾದದ್ದು. ಚಳಿಗಾಲಕ್ಕೆ ಕಿಟಕಿ ಮುಚ್ಚಿ ಮಲಗಿದರೆ ದಿಂಬು, ಹಾಸಿಗೆಗಳಲ್ಲಿ ಕಣ್ಣಿಗೆ ಕಾಣದ ದೂಳಿನ ನುಸಿ. ವರ್ಷದ ಬಹುಪಾಲು ನಾನು ಬಾಯಿಯಿಂದಲೇ ಉಸಿರಾಡುತ್ತಿದ್ದೆ. ಒಂದು ಷಟ್ಪದಿಯನ್ನು ನಡುವೆ ನಿಲ್ಲಿಸದೆ ಓದಿ ಮುಗಿಸುವುದು ನನಗೆ ಕಷ್ಟವಾಗಿತ್ತು.

ಕಿವಿ, ಮೂಗು, ಗಂಟಲಿನ ತಜ್ಞರು ಒಳಗೆ ದೀಪ ಬಿಟ್ಟು ನೋಡಿದರು. ಮೂಗಿನ ನಡುಗೋಡೆ ತುಸು ವಾಲಿದ್ದರೂ ತೊಂದರೆಯ ಮೂಲ ಅದಲ್ಲ, ಪಕ್ಕದ ಗೋಡೆಯಲ್ಲಿರುವ ಮಡಿಕೆಗಳು ಅಲರ್ಜಿಯಿಂದ ಊದಿಕೊಂಡಿವೆ ಎಂದರು. ಬರೆದುಕೊಟ್ಟದ್ದು ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ.

ಅದುವರೆಗೆ ನನ್ನ ದಿಂಬಿನ ಪಕ್ಕ ಇರುತ್ತಿದ್ದದ್ದು ಕ್ಸೈಲೋಮೆಟಜೋಲಿನ್ ಹನಿ. ಇವೆರಡರ ವ್ಯತ್ಯಾಸ ಬಹಳ ಜನರಿಗೆ ತಿಳಿದಿಲ್ಲ, ತಿಳಿಯಲೇಬೇಕು. ಹನಿ ರಕ್ತನಾಳಗಳನ್ನು ಕುಗ್ಗಿಸಿ ಕೆಲವೇ ನಿಮಿಷಗಳಲ್ಲಿ ದಾರಿ ಬಿಡಿಸುತ್ತದೆ. ಆದರೆ ಐದಾರು ದಿನ ದಾಟಿದರೆ ಅದರ ಪ್ರಭಾವ ಇಳಿದ ಕೂಡಲೇ ಊತ ಮತ್ತೆ ಏರಿ, ಹನಿಯೇ ಮೂಗು ಕಟ್ಟಿಸುವ ಸ್ಥಿತಿ ಬರುತ್ತದೆ. ಸ್ಟೀರಾಯ್ಡ್ ಸ್ಪ್ರೇಯ ಕೆಲಸ ಬೇರೆ: ಅದು ಉರಿಯೂತವನ್ನೇ ತಗ್ಗಿಸುತ್ತದೆ, ನಿಧಾನವಾಗಿ. ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕಾಗಬಹುದು, ಅದೂ ತಪ್ಪದೆ ದಿನವೂ ಹಾಕಿಕೊಂಡರೆ. ಮೂಗು ಕಟ್ಟಿದ ದಿನ ಮಾತ್ರ ಒತ್ತಿಕೊಂಡು “ಇದರಿಂದ ಏನೂ ಆಗಲಿಲ್ಲ” ಎಂದು ಬಿಟ್ಟವರನ್ನು ನಮ್ಮ ಶಿಕ್ಷಕರ ಕೊಠಡಿಯಲ್ಲೇ ಕಂಡಿದ್ದೇನೆ.

ಹನಿ ಬಿಡುವುದಕ್ಕೆ ವೈದ್ಯರು ಹೇಳಿಕೊಟ್ಟ ಉಪಾಯ ಇದು: ಸ್ಪ್ರೇಯನ್ನು ಎರಡೂ ಹೊಳ್ಳೆಗಳಿಗೆ ಶುರುಮಾಡಿ, ಹನಿಯನ್ನು ಮೊದಲು ಒಂದೇ ಹೊಳ್ಳೆಗೆ ನಿಲ್ಲಿಸುವುದು. ಆ ಕಡೆ ತೆರೆದುಕೊಂಡ ಮೇಲೆ ಇನ್ನೊಂದಕ್ಕೂ ನಿಲ್ಲಿಸುವುದು. ಆರಂಭದ ರಾತ್ರಿಗಳು ಕಠಿಣವಾಗಿದ್ದವು, ತಲೆದಿಂಬು ಎತ್ತರಿಸಿ ಮಲಗಿದೆ. ಆದರೂ ಒಂದು ಕಡೆಯಿಂದಾದರೂ ಉಸಿರು ಆಡುತ್ತಿದ್ದುದರಿಂದ ತಡೆದುಕೊಳ್ಳಲು ಸಾಧ್ಯವಾಯಿತು.

ಹಾಕಿಕೊಳ್ಳುವ ಕ್ರಮದಲ್ಲೇ ಅರ್ಧ ಚಿಕಿತ್ಸೆ ಇದೆ. ಬೆಳಿಗ್ಗೆ ಮೊದಲು ಉಪ್ಪುನೀರಿನಿಂದ ಮೂಗು ತೊಳೆಯುತ್ತೇನೆ. ಒಂದು ಲೋಟ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡ. ನಲ್ಲಿಯ ನೀರನ್ನು ಹಾಗೆಯೇ ಬಳಸಲೇಬಾರದು; ಅಪರೂಪಕ್ಕಾದರೂ ಅದರಲ್ಲಿರಬಹುದಾದ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋದರೆ ಪ್ರಾಣಕ್ಕೇ ಅಪಾಯ. ತೊಳೆದ ಮೇಲೆ ನೀರು ಇಳಿಯಲು ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ. ಸೀಸೆಯನ್ನು ಕುಲುಕಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸುತ್ತೇನೆ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಕೈ ಹೀಗೆ ಅಡ್ಡ ಬಂದರೆ ತುದಿ ತಾನಾಗಿಯೇ ನಡುಗೋಡೆಯಿಂದ ದೂರ ಸರಿದು, ಅದೇ ಬದಿಯ ಕಣ್ಣಿನ ಹೊರ ಅಂಚಿನತ್ತ ತಿರುಗುತ್ತದೆ. ಔಷಧ ಬೀಳಬೇಕಾದದ್ದು ಅಲ್ಲಿ, ಊದಿದ ಮಡಿಕೆಗಳ ಮೇಲೆ. ನಡುಗೋಡೆಗೆ ದಿನವೂ ತಗುಲಿದರೆ ಅಲ್ಲಿ ಒಣಗಿ ರಕ್ತ ಬರಬಹುದು. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು. ಗಂಟಲಲ್ಲಿ ಕಹಿ ಅನಿಸಿದರೆ ಜೋರಾಗಿ ಎಳೆದಿದ್ದೇವೆ, ಔಷಧ ಮೂಗಿನಲ್ಲಿ ನಿಲ್ಲದೆ ಹೊಟ್ಟೆಗೆ ಇಳಿಯಿತು ಎಂದೇ ಅರ್ಥ.

ನನ್ನ ಸ್ಪ್ರೇಗೆ ಸಣ್ಣಗೆ ಗುಲಾಬಿಯ ವಾಸನೆಯಿದೆ. ಅದರಲ್ಲಿ ಬೆರೆಸುವ ಫಿನೈಲ್‌ಈಥೈಲ್ ಆಲ್ಕೋಹಾಲ್ ಅದಕ್ಕೆ ಕಾರಣ. ಮೊದಲ ದಿನಗಳಲ್ಲಿ ನನಗೆ ಅದು ತಿಳಿದೇ ಇರಲಿಲ್ಲ. ಒಂದು ಬೆಳಿಗ್ಗೆ ಒತ್ತಿದ ಕೂಡಲೇ ಘಮ್ಮೆಂದಿತು. ಮೂಗು ತೆರೆಯುತ್ತಿದೆ ಎಂದು ಗೊತ್ತಾದದ್ದು ಹಾಗೆ, ಆ ಸಂತೋಷವನ್ನು ಇಂದಿಗೂ ಮರೆತಿಲ್ಲ.

“ಸ್ಟೀರಾಯ್ಡ್ ಅಂತೆ, ಮೂಳೆ ಸವೆಯುವುದಿಲ್ಲವೇನಮ್ಮ?” ಎಂದು ಅತ್ತೆ ಕೇಳಿದ್ದರು. ಅವರ ಆತಂಕ ನ್ಯಾಯವಾದದ್ದೇ. ವರ್ಷಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಗಳಿಂದ ಹಾಗೆ ಆಗುವುದುಂಟು. ಆದರೆ ನನ್ನ ಸ್ಪ್ರೇಯ ಒಂದು ಒತ್ತಿಗೆ 50 ಮೈಕ್ರೋಗ್ರಾಂ, ಹೊಳ್ಳೆಗೆ ಎರಡರಂತೆ ದಿನಕ್ಕೆ 200, ಅಂದರೆ ಒಂದು ಮಿಲಿಗ್ರಾಂನ ಐದನೆಯ ಒಂದು ಭಾಗ. ಅದರಲ್ಲಿಯೂ ರಕ್ತ ಸೇರುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಇಷ್ಟನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಅತ್ತೆಗೆ ಸಮಾಧಾನವಾಯಿತು. ಆದರೂ ಗ್ಲಾಕೋಮಾ, ಕಣ್ಣಿನ ಪೊರೆ ಇರುವವರು, ಆಸ್ತಮಾಕ್ಕೆ ಬೇರೆ ಸ್ಟೀರಾಯ್ಡ್ ಎಳೆದುಕೊಳ್ಳುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಸೀಸೆಯ ಮೇಲೆ ತೆರೆದ ತಾರೀಖು ಬರೆದಿಡುತ್ತೇನೆ. 120 ಒತ್ತುಗಳ ಸೀಸೆ ದಿನಕ್ಕೆ ನಾಲ್ಕರಂತೆ ಮೂವತ್ತು ದಿನ ಬರುತ್ತದೆ. ಆಮೇಲೆ ತಳದಲ್ಲಿ ಔಷಧ ಅಲುಗಾಡಿದರೂ ಪ್ರತಿ ಒತ್ತಿಗೂ ಸರಿಯಾದ ಪ್ರಮಾಣ ಬರುವ ಭರವಸೆಯಿಲ್ಲ.

ಈಗ ಹತೋಟಿಯಲ್ಲಿರುವುದರಿಂದ ವೈದ್ಯರು ಹೊಳ್ಳೆಗೆ ಒಂದೇ ಒತ್ತಿಗೆ ಇಳಿಸಿದ್ದಾರೆ. ಕಾಂಗ್ರೆಸ್ ಗಿಡ ಹೂ ಬಿಡುವ ಕಾಲಕ್ಕೆ ಒಂದೆರಡು ವಾರ ಮುಂಚೆ ಮತ್ತೆ ಎರಡಕ್ಕೆ ಏರಿಸುತ್ತೇನೆ, ಅವರನ್ನು ಕೇಳಿಯೇ. ಆಗಾಗ ಹೋಗಿ ನಡುಗೋಡೆಯನ್ನೂ ತೋರಿಸಿಕೊಂಡು ಬರುತ್ತೇನೆ.