ಜ್ವರ ಬರುತ್ತೆ ಅಂತ ಮೊದಲೇ ಹೇಳಿ ಲಸಿಕೆ ಹಾಕೋದು: ನನ್ನ ಅನುಭವ

ಲಸಿಕೆಯ ಸೈಡ್ ಎಫೆಕ್ಟ್ ಎಲ್ಲಾ ಮೊದಲೇ ಬಿಡಿಸಿ ಹೇಳಿದ್ರೆ ಗುರುವಾರದ ಲಸಿಕೆ ಸೆಷನ್‌ಗೆ ಒಂದು ಮಗೂನೂ ಬರಲ್ಲ ಅಂತ ಮೀಟಿಂಗಲ್ಲಿ ಎಲ್ಲರೆದುರು ನನಗೆ ಹೇಳಿದ್ದರು. ಹೇಳಿದವರೇ ಈಗ ಫೋನ್ ಮಾಡಿ "ಅಕ್ಕಾ, ಲಸಿಕೆ ಆದಮೇಲೆ ಏನೇನಾಗುತ್ತೆ ಅಂತ ಅದೇನೋ ಹಾಳೆ ಮಾಡಿದೀರಂತಲ್ಲ, ಕಳಿಸಿ" ಅಂತಿದಾರೆ, ಅದಕ್ಕೇ ಒಂದೇ ಸಲ ಬರೆದುಬಿಡೋಣ ಅನ್ನಿಸ್ತು. ನಾನು ಲಸಿಕೆ ಹಾಕೋ ಸಿಸ್ಟರ್, ನಮ್ಮ ಆರೋಗ್ಯ ಸಬ್ ಸೆಂಟರ್ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಲ್ಲಿ, ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು ಹೊಳೆ ದಾಟಿ ಹೋಗೋ ಊರುಗಳು. ಲಸಿಕೆ ಬೇಡ ಅನ್ನೋರ ಪಟ್ಟೀಲಿ ಮೂವತ್ತರ ಹತ್ತಿರ ಮನೆ ಇದ್ವು, ಈಗ ಎರಡೋ ಮೂರೋ ಉಳಿದಿದಾವೆ. ಇದು ನಾನು, ನಮ್ಮ ಆಶಾ ಕಾರ್ಯಕರ್ತೆ ಸೇರಿ ಮಾಡಿದ್ದು, ಮೇಲಿಂದ ಯಾರೂ ಬಂದು ಮಾಡಿಕೊಟ್ಟದ್ದಲ್ಲ.

ಲಸಿಕೆ ಹಾಕಿದಾಗ ತಾಯಿಗೆ ಹೇಳಬೇಕಾದ ನಾಲ್ಕು ಸಂದೇಶ (ಯಾವ ಲಸಿಕೆ, ಏನಾಗಬಹುದು, ಮುಂದೆ ಯಾವಾಗ ಬರಬೇಕು, ಕಾರ್ಡ್ ಜೋಪಾನ) ನಮಗೆಲ್ಲ ಬಾಯಿಪಾಠ, ಅದನ್ನ ಬಿಡಿಸಿ ಬರೆಯಲ್ಲ. ತೊಂದರೆ ಇರೋದು ಅದನ್ನ ಹೇಳೋ ಹೊತ್ತಲ್ಲಿ. ಮಗು ಕಿರುಚ್ತಿರುತ್ತೆ, ತಾಯಿ ಕಣ್ಣಲ್ಲೂ ನೀರು, ಹಿಂದೆ ಇನ್ನೂ ಆರು ಜನ ಕಾಯ್ತಿರ್ತಾರೆ, ಆಗ ನಾವು ತಾಯಿ ಕಾರ್ಡಲ್ಲಿ ಬರೀತಾ ಬರೀತಾ ತಲೆ ಎತ್ತದೆ "ಸ್ವಲ್ಪ ಜ್ವರ ಬರ್ಬಹುದು, ಜ್ವರದ ಡ್ರಾಪ್ಸ್ ಹಾಕಿ" ಅಂತೀವಿ. ಸ್ವಲ್ಪ ಅಂದ್ರೆ ಎಷ್ಟು, ಯಾವಾಗ, ಎಷ್ಟು ದಿನ, ಯಾವುದಕ್ಕೆ ಹೆದರಬೇಕು ಯಾವುದಕ್ಕೆ ಬೇಡ, ಒಂದೂ ಹೇಳಲ್ಲ. ರಾತ್ರಿ ಹನ್ನೊಂದಕ್ಕೆ ಮಗು ಮೈ ಕಾದು ಕೆಂಡ ಆದಾಗ ಅತ್ತೆ "ಚೆನ್ನಾಗಿದ್ದ ಕೂಸಿಗೆ ಎಂತದೋ ಚುಚ್ಚಿಸ್ಕೊಂಡು ಬಂದೆ" ಅಂದ್ರೆ ಸೊಸೆ ಹತ್ರ ಉತ್ತರ ಇರಲ್ಲ. ಮುಂದಿನ ಡೋಸ್ ತಪ್ಪೋದು ಆ ರಾತ್ರಿಯೇ.

ಇದು ಹೊಳೆಯೋ ಮುಂಚೆ ಎಷ್ಟು ದುಡ್ಡು ನೀರಾಯ್ತು ಅಂದ್ರೆ, ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ ಬರೋ 10,000ದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ. ಫ್ಲೆಕ್ಸ್ ಎರಡು, ಒಂದಕ್ಕೆ 800ರ ಸುಮಾರು, ಆಷಾಢದ ಗಾಳಿಮಳೆಗೆ ಒಂದು ವಾರಾನೂ ತಡೀಲಿಲ್ಲ. ಆಟೋಕ್ಕೆ ಮೈಕ್ ಕಟ್ಟಿ ಊರೂರು ಸುತ್ತಿದ್ವಿ, ಬಾಡಿಗೆ ಡೀಸೆಲ್ ಸೇರಿ 2,000 ಮೇಲೆ, ಆಟೋ ಹೋಗೋದು ಟಾರ್ ರಸ್ತೇಲಿ, ಬೇಡ ಅನ್ನೋರ ಮನೆ ಇರೋದು ಗುಡ್ಡದ ಮೇಲೆ. ಶಿವಮೊಗ್ಗದಿಂದ ಒಬ್ಬ ದೊಡ್ಡ ಡಾಕ್ಟರನ್ನ ಕರೆಸಿ ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕಿ ಗ್ರಾಫ್ ತೋರಿಸಿದ್ವಿ, ಊಟ ತಿಂಡಿ ಎಲ್ಲ ಸೇರಿ ಮೂರು ಸಾವಿರ ಹತ್ರ, ಬಂದವರು ಆಗಲೇ ಲಸಿಕೆ ಹಾಕಿಸ್ತಿದ್ದ ಮನೆಯವರೇ. ವಾಟ್ಸಾಪಲ್ಲಿ ಒಂದೊಂದು ಸುಳ್ಳು ಫಾರ್ವರ್ಡಿಗೂ ಉತ್ತರ ಬರೆದು ಹಾಕ್ತಿದ್ದೆ, ಅದರಿಂದ ಏನಾಯ್ತು ಅಂದ್ರೆ ಆ ಸುಳ್ಳು ಕೇಳಿಯೇ ಇರದ ಮನೆಗೂ ಅದು ತಲುಪಿತು. ಈಗ ಯಾರಾದ್ರೂ ಸುಳ್ಳು ಕಳಿಸಿದ್ರೆ ಅವರಿಗೊಬ್ಬರಿಗೇ ಫೋನ್ ಮಾಡ್ತೀನಿ, ಗ್ರೂಪಲ್ಲಿ ಮಾತಾಡಲ್ಲ.

ಶಾಲೆಯ ಆ ಕಾರ್ಯಕ್ರಮದಲ್ಲೇ ಹಿಂದಿನ ಬೆಂಚಿಂದ ಒಬ್ಬ ಹಿರಿಯರು ಎದ್ದು ಕೇಳಿದ್ರು, "ಮಂಗನ ಕಾಯಿಲೆಗೆ ಅಂತ ವರ್ಷವರ್ಷ ಚುಚ್ಚಿದ್ರಲ್ಲ, ಆಮೇಲೆ ನೀವೇ ನಿಲ್ಲಿಸಿದ್ರಲ್ಲ, ಹಾಗಾದ್ರೆ ಇಷ್ಟು ವರ್ಷ ನಮಗೆ ಹಾಕಿದ್ದೆಂತದು?" ಸಭೆ ಅಲ್ಲಿಗೇ ಮುಗೀತು. ಬಯಲುಸೀಮೆಯಲ್ಲಿ ಕೆಲಸ ಮಾಡೋರಿಗೆ ಈ ಪ್ರಶ್ನೆಯ ತೂಕ ಗೊತ್ತಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗ ಸತ್ತು ಬೀಳೋದಕ್ಕೆ ಶುರುವಾದಾಗಿಂದ ಈ ಕಾಯಿಲೆ ನಮ್ಮದು, 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಲ್ಲಿ ಇದರಿಂದ ಆದ ಸಾವುಗಳನ್ನ ಇಲ್ಲಿ ಯಾರೂ ಮರೆತಿಲ್ಲ. ಆ ಲಸಿಕೆ 1990ರಿಂದ ಇತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷಕ್ಕೊಂದು, ಅದೂ ತೋಳು ಎತ್ತಕ್ಕಾಗದಷ್ಟು ನೋವು. ಅಷ್ಟೆಲ್ಲ ಸಹಿಸಿದವರಿಗೆ "ಇನ್ನು ಕಾಯಿಲೆ ಬರೋದೇ ಇಲ್ಲ" ಅಂತ ಹೇಳಿ ಹೋಗಿದ್ರು, ಹಾಕಿಸ್ಕೊಂಡೋರಲ್ಲೂ ಕೆಲವರಿಗೆ ಬಂತು. 2005ರಿಂದ 2010ರ ಲೆಕ್ಕ ಇಟ್ಟು ಮಾಡಿದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ 62, ಬೂಸ್ಟರ್ ಸೇರಿದ್ರೆ ಶೇ 83ರಷ್ಟು ರಕ್ಷಣೆ ಅಂತಿತ್ತು, ಅಂದ್ರೆ ಪೂರ್ತಿ ಹಾಕಿಸ್ಕೊಂಡ್ರೂ ಬರಬೇಕಾಗಿದ್ದ ಹತ್ತು ಜನರಲ್ಲಿ ಇಬ್ಬರಿಗೆ ಬರುತ್ತೆ. ಅದನ್ನ ಅವತ್ತೇ ಹೇಳಿದ್ರೆ ಜನ ತಡ್ಕೊಳ್ತಿದ್ರು. 2022ರಲ್ಲಿ ನಿಂತಿದ್ದು ಲಸಿಕೆಯ ಶಕ್ತಿ ಸಾಲ್ತಿಲ್ಲ ಅಂತ, ಯಾರಿಗೋ ವಿಷ ಆಯ್ತು ಅಂತಲ್ಲ. ಈಗ ಯಾವ ಮನೆಗೆ ಹೋದ್ರೂ ಇದನ್ನ ಅವರು ಕೇಳೋ ಮುಂಚೆ ನಾನೇ ಎತ್ತುತೀನಿ, ಈ ಗಂಟು ಬಿಚ್ಚದೆ ಪೆಂಟಾ (ಐದು ಕಾಯಿಲೆಗೆ ಸೇರಿಸಿ ಮಕ್ಕಳಿಗೆ ಹಾಕೋ ಲಸಿಕೆ), ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಅಂದ್ರೆ ಯಾರ ಕಿವಿಗೂ ಹೋಗಲ್ಲ.

ಹಾಳೆ ವಿಷಯ. ಒಂದೇ ಪುಟ, ಅಂಗಡೀಲಿ ಜೆರಾಕ್ಸ್ ಎರಡು ರೂಪಾಯಿ. ಅದರಲ್ಲಿ ಲಸಿಕೆಯ ಗುಣಗಾನ ಒಂದು ಸಾಲೂ ಇಲ್ಲ, ಸೂಜಿ ಹಾಕಿದ ಮೇಲೆ ಏನೇನಾಗುತ್ತೆ ಅಂತ ಮಾತ್ರ. ಕ್ಷಯಕ್ಕೆ ಹಾಕೋ ಬಿಸಿಜಿಯ ಜಾಗದಲ್ಲಿ ಕೆಲವು ವಾರ ಆದಮೇಲೆ ಗುಳ್ಳೆ ಎದ್ದು ಒಡೆದು ಕಲೆ ಆಗುತ್ತೆ, ಅರಿಶಿನ ಎಣ್ಣೆ ಏನೂ ಹಚ್ಚಬೇಡಿ. ಪೆಂಟಾ ಹಾಕಿದ ಸಂಜೆಯೋ ರಾತ್ರಿಯೋ ಜ್ವರ, ತೊಡೆ ಊದಿ ಕೆಂಪಗಾಗೋದು, ಎರಡು ದಿನದಲ್ಲಿ ಇಳಿಯುತ್ತೆ. ಎಂಆರ್‌ಗೆ ಅವತ್ತು ಸಾಮಾನ್ಯವಾಗಿ ಏನೂ ಇರಲ್ಲ, ಜ್ವರ ಬರೋದು ಏಳರಿಂದ ಹನ್ನೆರಡನೇ ದಿನದ ಒಳಗೆ, ಮೈ ಮೇಲೆ ಸಣ್ಣ ಗಂಧೆನೂ ಬರಬಹುದು. ಈ ಎಂಆರ್ ಸಾಲು ಎಷ್ಟು ಕೆಲಸ ಮಾಡಿದೆ ಅಂದ್ರೆ ಹೇಳಕ್ಕಾಗಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ: ಮೂರು ಗಂಟೆ ಬಿಡದೆ ಅತ್ರೆ, ಫಿಟ್ಸ್ ಬಂದ್ರೆ, ಮಗು ಕೈಕಾಲು ಬಿಟ್ಟು ಮಂಕಾದ್ರೆ, ಎರಡು ದಿನ ದಾಟಿ ಜ್ವರ ಇದ್ರೆ ಎಷ್ಟು ಹೊತ್ತಾದ್ರೂ ಫೋನ್ ಮಾಡಿ. ನನ್ನ ನಂಬರ್ ಇದೆ, ಆಶಾದೂ ಇದೆ.

ಈ ಹಾಳೆ ಸೆಷನ್ ದಿನ ಕೊಡೋದಲ್ಲ. ನಾಲ್ಕೈದು ದಿನ ಮುಂಚೆ ಮನೆಗೇ ಹೋಗಿ ಕೊಡೋದು. ಅದಕ್ಕೆ ನನಗೆ ಸಿಕ್ಕ ಜಾಗ ಅಂದ್ರೆ ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯೋ ಮನೆ. ರಾತ್ರಿ ಎಂಟಕ್ಕೆ ಹೋದ್ರೆ ಹತ್ತು ಹದಿನೈದು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿರ್ತಾರೆ, ಕೈಗೆ ಕೆಲಸ, ಕಿವಿ ಖಾಲಿ, ಅತ್ತೆ ಸೊಸೆ ಇಬ್ರೂ ಅಲ್ಲೇ. ನಾನೂ ಕೂತು ಸುಲೀತೀನಿ. "ಎಂತ ಸಿಸ್ಟ್ರೇ, ಜ್ವರ ಬರದು ಗೊತ್ತಿದ್ದೂ ಚುಚ್ತೀರಾ?" ಅಂತ ಒಬ್ಬರು ಅಜ್ಜಿ ಕೇಳಿದ್ರು. ಹೌದಮ್ಮಾ, ಗೊತ್ತಿದ್ದೇ ಚುಚ್ಚೋದು, ಹತ್ತು ಮಕ್ಕಳಿಗೆ ಪೆಂಟಾ ಹಾಕಿದ್ರೆ ನಾಕೈದಕ್ಕೆ ಬರುತ್ತೆ ಅಂದೆ. ಕತ್ತಿ ನಿಲ್ಲಿಸಿ ಒಂದು ಸಲ ಮುಖ ನೋಡಿದ್ರು, ಮತ್ತೆ ಸುಲಿಯಕ್ಕೆ ಶುರು ಮಾಡಿ "ಹಂಗೆ ಹೇಳಿ ಮತ್ತೆ" ಅಂದ್ರು.

ಲಕ್ಷದ ಲೆಕ್ಕ ಹೇಳೋದಕ್ಕೂ ಅಡಿಕೆಯೇ ಆಯ್ತು. ಒಂದು ಕೆಜಿ ರಾಶಿ ಇಡಿ (ಒಣಗಿಸಿದ ಕೆಂಪಡಿಕೆ) ತೂಗಿ ಎಣಿಸಿದೆ, 200ರ ಆಸುಪಾಸು ಬಂತು. ಸೂಜಿ ಹಾಕಿದ ಕೂಡಲೇ ಆಗೋ ಭಾರೀ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರ ಹತ್ತಿರ, ಅಂದ್ರೆ ಐವತ್ತು ಕ್ವಿಂಟಾಲಲ್ಲಿ ಒಂದು ಅಡಿಕೆ, ಅರ್ಧ ಗಂಟೆ ಕೂರಿಸೋದು ಆ ಒಂದಕ್ಕೋಸ್ಕರ, ಅದಕ್ಕೆ ಔಷಧಿ ನನ್ನ ಕಿಟ್ಟಲ್ಲೇ ಇದೆ. ಎಂಆರ್ ಜ್ವರಕ್ಕೆ ಫಿಟ್ಸ್ ಬರೋದು ಮೂರು ನಾಲ್ಕು ಸಾವಿರಕ್ಕೊಂದು, ಹದಿನೈದು ಇಪ್ಪತ್ತು ಕೆಜಿಗೆ ಒಂದು, ನೋಡೋಕೆ ಭಯ ಆದ್ರೂ ಮಗುಗೆ ಉಳಿಯೋ ತೊಂದರೆ ಇಲ್ಲ. ದಡಾರವೇ ಬಂದ್ರೆ ಮಿದುಳು ಊದೋದು ಸಾವಿರ ಮಕ್ಕಳಿಗೆ ಒಂದು, ಐದೇ ಕೆಜಿ. ಕ್ವಿಂಟಾಲಲ್ಲೇ ಬದುಕೋ ಜನಕ್ಕೆ ಇದನ್ನ ಎರಡನೇ ಸಲ ಹೇಳಬೇಕಾಗಲಿಲ್ಲ. ಇದಕ್ಕೆ ಗ್ರಾಫ್ ಹಾಕಿದ್ದಾಗ ಮೂರು ಸಾವಿರ ಖರ್ಚಾಗಿತ್ತು.

ಮೊದಲ ತಿಂಗಳು ಬರೋರು ಕಮ್ಮಿ ಆದ್ರು, ಅದನ್ನ ಮುಚ್ಚಿಡಲ್ಲ. ಪಕ್ಕದ ಸಬ್ ಸೆಂಟರಿನವರು "ನಾನು ಹೇಳಿರ್ಲಿಲ್ವಾ" ಅಂದ್ರು, ಡಾಕ್ಟ್ರೂ ಹಾಳೆ ನಿಲ್ಸಮ್ಮಾ ಅಂದ್ರು, ನಾನು ಇನ್ನೆರಡು ತಿಂಗಳು ಟೈಮ್ ಕೊಡಿ ಸಾರ್ ಅಂತ ಕೇಳಿಕೊಂಡೆ. ಮೂರನೇ ತಿಂಗಳಿಗೆ ರಾತ್ರಿ ಬರೋ ಫೋನಿನ ಮಾತೇ ಬದಲಾಯ್ತು. ಮೊದಲೆಲ್ಲ "ಎಂತ ಹಾಕಿದ್ರಿ ನಮ್ ಕೂಸಿಗೆ" ಅಂತ ಬೈಗುಳ, ಈಗ "ಸಿಸ್ಟ್ರೇ, ನೀವು ಹೇಳ್ದಂಗೇ ಜ್ವರ ಬಂತು, ಡ್ರಾಪ್ಸ್ ಹಾಕಿದೀನಿ, ಸುಮ್ನೆ ಹೇಳಣ ಅಂತ ಮಾಡ್ದೆ". ಹೇಳಿದ ಹೊತ್ತಿಗೆ ಜ್ವರ ಬಂದ್ರೆ ಉಳಿದ ಮಾತೂ ನಿಜ ಅಂತ ಜನ ತಾವೇ ತೀರ್ಮಾನ ಮಾಡ್ಕೊಳ್ತಾರೆ. ಎಂಆರ್ ಆದ ಎಂಟನೇ ದಿನ ಮೈ ಬೆಚ್ಚಗಾದ ಮನೆಯ ಅತ್ತೆಯರಂತೂ ಊರೆಲ್ಲ ಹೇಳ್ಕೊಂಡು ಬಂದ್ರು.

ಇನ್ನೊಂದೆರಡು ಪ್ರಯೋಗಾನೂ ಮಾಡಿದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲ, ನಮ್ಮನೆ ಫ್ರಿಜ್ಜಲ್ಲಿ ಹಾಲೇ ಒಡೆಯುತ್ತೆ, ನಿಮ್ಮ ಔಷಧಿ ಕೆಡಲ್ವಾ ಅಂತ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಲಸಿಕೆ ಇಡೋ ಐಎಲ್ಆರ್ ಫ್ರಿಜ್ಜಿನ ಕಥೆ ಹೇಳೋ ಬದಲು ವಯಲ್ (ಲಸಿಕೆ ಬಾಟಲಿ) ಮೇಲಿನ ವಿವಿಎಂ, ಅಂದ್ರೆ ಬಿಸಿ ತಾಗಿದ್ರೆ ಬಣ್ಣ ಬದಲಾಗೋ ಗುರುತು ತೋರಿಸಿ, ಒಳಗಿನ ಚೌಕ ಸುತ್ತಿನ ಬಣ್ಣಕ್ಕಿಂತ ತೆಳು ಇದೆಯಾ ನೀವೇ ನೋಡಿ ಹೇಳಿ, ಆಮೇಲೆ ಹಾಕ್ತೀನಿ ಅಂತ ಅಜ್ಜಿಯರ ಕೈಗೇ ಕೊಡಕ್ಕೆ ಶುರು ಮಾಡಿದೆ. ಇದು ಬಹಳ ಚೆನ್ನಾಗಿ ಹಿಡೀತು, ಈಗ ಕನ್ನಡಕ ಹಾಕ್ಕೊಂಡೇ ಬರ್ತಾರೆ. ಅದೇ ಹುಮ್ಮಸ್ಸಲ್ಲಿ ಡಾಕ್ಟ್ರನ್ನ ಕೇಳಿ, ಬಿಸಾಕೋ ಎರಡು ವಯಲ್ ತಗೊಂಡು, ಲಸಿಕೆ ಹೆಪ್ಪುಗಟ್ಟಿ ಕೆಟ್ಟಿದೆಯಾ ಅಂತ ಅಲ್ಲಾಡಿಸಿ ನೋಡೋ ಶೇಕ್ ಟೆಸ್ಟೂ ತೋರಿಸಿದೆ, ಜನ ಆಸಕ್ತಿಯಿಂದ ನೋಡಿದ್ರು, ಸೆಷನ್‌ಗೆ ಮಾತ್ರ ಒಂದು ಮಗೂನೂ ಹೆಚ್ಚಾಗಲಿಲ್ಲ. ವಾಯ್ಸ್ ನೋಟ್ ಪರವಾಗಿಲ್ಲ, ನಮ್ಮ ಕಡೆ ಮಾತಲ್ಲೇ ಅರ್ಧ ನಿಮಿಷ, ಅದಕ್ಕಿಂತ ಉದ್ದ ಆದ್ರೆ ಯಾರೂ ಕೇಳಲ್ಲ.

2025ರಲ್ಲಿ ಹಾಸನದಲ್ಲಿ ಸಾಲುಸಾಲಾಗಿ ಹಾರ್ಟ್ ಅಟ್ಯಾಕಿಗೆ ಜನ ಸತ್ತ ಸುದ್ದಿ ಬಂದು, ಅದು ಕೋವಿಡ್ ಲಸಿಕೆಯಿಂದಲೇ ಅಂತ ಮಾತು ಹಬ್ಬಿದಾಗ ಎಲ್ಲಾ ಮತ್ತೆ ಮೊದಲಿಂದ. ಕೋವಿಡ್ ಲಸಿಕೆ ಸಿಟ್ಟನ್ನ ಆರು ವಾರದ ಮಗುವಿನ ಪೆಂಟಾ ಮೇಲೆ ತೀರಿಸ್ಕೊಂಡ್ರು. ಆಗ ಕೋವಿಶೀಲ್ಡಿಂದ ಯಾರಿಗೂ ಏನೂ ಆಗಿಲ್ಲ ಅಂತ ನಾನು ಹೇಳಲಿಲ್ಲ, ರಕ್ತ ಹೆಪ್ಪುಗಟ್ಟೋ ತೊಂದರೆ ಇತ್ತು, ಅಪರೂಪ, ಆಗೋದಿದ್ರೆ ಡೋಸ್ ಆದ ಕೆಲವು ವಾರದಲ್ಲೇ ಆಗೋದು, ನಾಲ್ಕು ವರ್ಷ ಬಿಟ್ಟು ಅಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳ್ತಿದ್ದೆ: ನಮ್ಮೂರಲ್ಲಿ ಆ ಲಸಿಕೆ ಹಾಕಿಸದ ದೊಡ್ಡವರು ಎಷ್ಟು ಜನ ಇದಾರೆ? ಹೆಸರು ಹೇಳಕ್ಕೆ ಕೂತ್ರೆ ನಾಲ್ಕೈದು ದಾಟಲ್ಲ. ಎಲ್ಲರೂ ಹಾಕಿಸ್ಕೊಂಡ ಮೇಲೆ ಯಾರು ಯಾತಕ್ಕೆ ತೀರಿಕೊಂಡ್ರೂ ಹಾಕಿಸ್ಕೊಂಡವರೇ ಆಗಿರ್ತಾರೆ, ಅದಕ್ಕೇ ಹಾಕಿಸಿದವರು ಹಾಕಿಸದವರು ಇಬ್ಬರನ್ನೂ ಎದುರಿಗಿಟ್ಟು ನೋಡಬೇಕು, ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಹಾಗೆ ನೋಡಿದಾಗ ಲಸಿಕೆಯಿಂದ ಹಠಾತ್ ಸಾವು ಹೆಚ್ಚಿದ್ದು ಕಾಣಲಿಲ್ಲ ಅಂದೆ. ಅರ್ಧ ಜನ ಒಪ್ಪಿದ್ರು. ಉಳಿದ ಅರ್ಧ ಸುಮ್ಮನಾದ್ರು, ಆದ್ರೆ ಮಗೂನ ಕರ್ಕೊಂಡು ಬಂದ್ರು, ನನಗೆ ಅಷ್ಟು ಸಾಕಿತ್ತು.

ಖರ್ಚಿನ ಲೆಕ್ಕ ಕೇಳಿದವರಿಗೆ: ಹಾಳೆಗೆ ವರ್ಷಕ್ಕೆ 500 ದಾಟಲ್ಲ, ಪೆಟ್ರೋಲೇ ಜಾಸ್ತಿ, ತಿಂಗಳಿಗೆ ಏಳೆಂಟು ನೂರು ನನ್ನ ಕೈಯಿಂದ. ಡ್ರಾಪ್ಸ್ ಸ್ಟಾಕ್ ಇಲ್ಲದ ತಿಂಗಳು ಅದೂ ನನ್ನ ತಲೆಗೇ. ಸೂಜಿ ಹಾಕಿದ ರಾತ್ರಿ ಊಟದ ಹೊತ್ತಿಗೆ ಒಂದು ಫೋನ್ ನಾವೇ ಮಾಡಬೇಕು, ಇದನ್ನ ಬಿಟ್ರೆ ಹಾಳೆ ಬರೀ ಹಾಳೆ. ಆ ಫೋನಲ್ಲಿ ಮೊದಲು ಯಾರ ಕೈಗೆ ಕೊಡಿ ಅಂತ ಕೇಳ್ತೀನಿ, ಮೊದಲ ಮಾತು ಏನಾಡ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ನಮ್ಮ ಏರಿಯಾದವರೂ ಓದ್ತಾರೆ. ಎದುರಿಗೆ ಸಿಕ್ಕಾಗ ಹೇಳ್ತೀನಿ.

ಮಂಗನ ಕಾಯಿಲೆಗೆ ಐಸಿಎಂಆರ್ ಮತ್ತೆ ಇಂಡಿಯನ್ ಇಮ್ಯುನಾಲಜಿಕಲ್ಸ್ ಅನ್ನೋ ಲಸಿಕೆ ಕಂಪನಿ ಸೇರಿ ಹೊಸ ಲಸಿಕೆ ತಯಾರು ಮಾಡ್ತಿದಾರಲ್ಲ, ಅದು ನಮ್ಮ ಕೈಗೆ ಬರೋ ಹೊತ್ತಿಗೆ ಇದೇ ತರ ಒಂದು ಹಾಳೆ ಮುಂಚೆಯೇ ಇರಬೇಕು, ನೋವು ಎಷ್ಟು, ಎಷ್ಟು ಜನಕ್ಕೆ ಜ್ವರ, ಹಾಕಿಸ್ಕೊಂಡ್ರೂ ಹತ್ತರಲ್ಲಿ ಎಷ್ಟು ಜನಕ್ಕೆ ಕಾಯಿಲೆ ಬರಬಹುದು ಅಂತ. ತೀರ್ಥಹಳ್ಳಿ, ಸಾಗರದ ಕಡೆಯವರು ಯಾರಾದ್ರೂ ಜೊತೆ ಸೇರೋದಾದ್ರೆ ಈ ಮಳೆಗಾಲದಲ್ಲೇ ಕೂತು ಬರೆದಿಡೋಣ.